ಡೆಬಿಯನ್‌ನಿಂದ ಪೈಥಾನ್ 2 ಹೋಯಿತು, ನಮ್ಮ ಕಾಫಿ ತೂಕದ ಪ್ರೋಗ್ರಾಂ ನಿಂತಿದೆ

ಯಸಳೂರಿನವಳು

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ಬೆಳೆಗಾರರಿಂದ ಕಾಫಿ ಕೊಳ್ಳುವ ಒಂದು ಸಣ್ಣ ಡಿಪೊದಲ್ಲಿ ಲೆಕ್ಕ ಬರೆಯುವವಳು ನಾನು. ಕಂಪ್ಯೂಟರ್ ಲೆಕ್ಕದ ಮೇಜಿನ ಮೇಲೆಯೇ ಇರುವುದರಿಂದ ಅದರ ಯೋಗಕ್ಷೇಮವೂ ನನ್ನ ಪಾಲಿಗೆ ಬಂದಿದೆ. ವಿಷಯ ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ ತೂಕ, ಔಟ್‌ಟರ್ನ್, ರಸೀದಿ ಮೂರನ್ನೂ ಒಂದೇ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಅದನ್ನು 2010ರಲ್ಲಿ ಬರೆದುಕೊಟ್ಟವರು ನನ್ನ ಭಾವ. ಪೈಥಾನ್ 2 ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆದದ್ದು, ಪರದೆಯ ಕಿಟಕಿ ಗುಂಡಿಗಳಿಗೆ ಪೈಜಿಟಿಕೆ. ಎಲ್ಲ ಸೇರಿ 1,400 ಸಾಲು. ತೂಕದ ಯಂತ್ರದಿಂದ ಒಂದು ಕೇಬಲ್ ಕಂಪ್ಯೂಟರಿಗೆ ಬರುತ್ತದೆ. ಮೂಟೆ ಇಟ್ಟು ಅಂಕಿ ನಿಂತ ಮೇಲೆ ತೂಕ ತಾನಾಗಿ ಪರದೆಗೆ ಬೀಳುತ್ತದೆ. ಒಣ ಚೆರ್ರಿಯಾದರೆ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ಮಾದರಿಯ ಸಿಪ್ಪೆ ತೆಗೆದು, 50 ಕೆಜಿ ಚೀಲಕ್ಕೆ ಎಷ್ಟು ಕೆಜಿ ಬೀಜ ಸಿಗುತ್ತದೆಂದು ನೋಡಿ ಆ ಔಟ್‌ಟರ್ನ್ ಅಂಕಿಯನ್ನು ನಾನು ಹಾಕುತ್ತೇನೆ. ಅದಕ್ಕೆ ಆ ದಿನದ ದರ ಗುಣಿಸಿ ಕನ್ನಡದಲ್ಲಿ ರಸೀದಿ ಬರುತ್ತದೆ. ಹದಿನೈದು ವರ್ಷದಿಂದ ಒಬ್ಬ ಬೆಳೆಗಾರರೂ ಆ ರಸೀದಿಯ ಮೇಲೆ ತಕರಾರು ಎತ್ತಿಲ್ಲ.

ಭಾವ 2019ರ ಕೊನೆಯಲ್ಲಿ ತೀರಿಕೊಂಡರು. ಅದೇ ವರ್ಷ ಕಂಪ್ಯೂಟರ್ ನಡೆಸುವ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 10ನೇ ಆವೃತ್ತಿ ಹಾಕಿಕೊಟ್ಟವರೂ ಅವರೇ. ಪ್ರೋಗ್ರಾಂ ಒಳಗೆ ಅಲ್ಲಲ್ಲಿ ಅವರು ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದಾರೆ. ಒಂದು ಕಡೆ 'ಅಂಕಿ ಕುಣಿಯುತ್ತಿದ್ದರೆ ಬರೆದುಕೊಳ್ಳಬೇಡ, ಕಾಯು' ಎಂದಿದೆ. ಹಣದ ಲೆಕ್ಕದ ಮೇಲೆ 'ಅರ್ಧ ರೂಪಾಯಿ ಬಂದರೆ ಬೆಳೆಗಾರನ ಕಡೆಗೆ' ಎಂದಿದೆ. ನನಗೆ ಪೈಥಾನ್ ಬರುವುದಿಲ್ಲ, ಆದರೆ ಆ ಟಿಪ್ಪಣಿಗಳ ದಾರಿ ಹಿಡಿದು ದರದ ಸಾಲು ಎಲ್ಲಿದೆ, ರಸೀದಿಯ ಸಾಲು ಎಲ್ಲಿದೆ ಎಂದು ಹುಡುಕಬಲ್ಲೆ.

ಡೆಬಿಯನ್ 10ಕ್ಕೆ ಭದ್ರತಾ ತಿದ್ದುಪಡಿ ಬರುವುದು 2024ರ ಜೂನ್‌ಗೇ ಮುಗಿದಿದೆ ಎಂದು ನಮ್ಮ ಲೆಕ್ಕ ಪರಿಶೋಧಕರು ಎರಡು ಸಲ ಎಚ್ಚರಿಸಿದರು. ಬ್ಯಾಂಕಿನ ಕೆಲಸವೂ ಇದೇ ಯಂತ್ರದಲ್ಲಿ ನಡೆಯುವುದರಿಂದ ಅವರ ಮಾತು ಸರಿಯೇ. ಕಳೆದ ಭಾನುವಾರ ಮಳೆಯಲ್ಲಿ ಡಿಪೊಗೆ ಹೋಗಿ ಕುಳಿತು 10ರಿಂದ 11ಕ್ಕೆ, 11ರಿಂದ 12ಕ್ಕೆ ಏರಿಸಿದೆ. ನಡುವೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಕಾಪಾಡಿತು. ದಾರಿಯಲ್ಲಿ ಒಂದು ಉದ್ದದ ಪಟ್ಟಿ ತೋರಿಸಿ 'ಇವನ್ನು ತೆಗೆದುಹಾಕಲಾಗುವುದು, ಮುಂದುವರಿಯಲೇ' ಎಂದು ಕೇಳಿತು. ಒಂದೊಂದು ಹೆಸರೂ ಗೊತ್ತಿಲ್ಲದ್ದು. ಹೌದು ಎಂದೆ. ಕೊನೆಯಲ್ಲಿ ಬಿಡುಗಡೆ ಟಿಪ್ಪಣಿಯಲ್ಲಿ ಹೇಳಿದಂತೆ ಬಳಕೆಯಲ್ಲಿಲ್ಲದ ಪ್ಯಾಕೇಜ್‌ಗಳನ್ನೂ (ಡೆಬಿಯನ್ ಕೊಡುವ ತಂತ್ರಾಂಶದ ಕಟ್ಟುಗಳು) ಅಳಿಸಿದೆ. ಸೋಮವಾರ ಬೆಳಿಗ್ಗೆ ಪ್ರೋಗ್ರಾಂ ಒತ್ತಿದರೆ ಕಿಟಕಿ ತೆರೆಯಲಿಲ್ಲ. ಟರ್ಮಿನಲ್‌ನಲ್ಲಿ ನೋಡಿದರೆ ಪೈಥಾನ್ ಎಂಬ ಆದೇಶವೇ ಇಲ್ಲ ಎನ್ನುತ್ತದೆ. ಪೈಥಾನ್ 2 ಹುಡುಕಿದರೆ ಆ ಹೆಸರಿನ ಪ್ಯಾಕೇಜೇ ಇಲ್ಲ ಎನ್ನುತ್ತದೆ.

ನನ್ನ ಪ್ರಶ್ನೆ ಎರಡು. ಇದನ್ನು ಮತ್ತೆ ನಡೆಯುವಂತೆ ಮಾಡಲು ದಾರಿ ಇದೆಯೇ? ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ನನ್ನ ಕೈಯಲ್ಲಿರುವುದು ಏಳು ವಾರ. ಎರಡನೆಯದು, ಸರಿಯಾಗಿ ನಡೆಯುತ್ತಿದ್ದ ಒಂದನ್ನು ತೆಗೆದುಹಾಕಬೇಕೆಂದು ತೀರ್ಮಾನಿಸುವವರು ಯಾರು? ಅದರ ಮೇಲೆ ಜೀವನ ನಡೆಸುವ ಡಿಪೊ ಒಂದು ಮಲೆನಾಡಿನ ಮೂಲೆಯಲ್ಲಿದೆ ಎಂದು ಅವರಿಗೆ ಗೊತ್ತಾಗುವುದು ಹೇಗೆ?

ಭದ್ರಾತೀರ

ಮೇಡಂ, ಮೊದಲು ಧೈರ್ಯದ ಮಾತು. ಹೋಗಿರುವುದು ಪೈಥಾನ್ 2 ಮತ್ತು ಅದರ ಜೊತೆಯ ಪ್ಯಾಕೇಜ್‌ಗಳು ಮಾತ್ರ. ನಿಮ್ಮ ಭಾವನವರು ಬರೆದ ಕಡತ ನಿಮ್ಮ ಫೋಲ್ಡರಿನಲ್ಲಿದ್ದರೆ ಅದು ಅಲ್ಲಿಯೇ ಇರುತ್ತದೆ. ಬಿಡುಗಡೆ ಬದಲಾಯಿಸುವಾಗ ನಾವು ಬರೆದ ಕಡತಗಳನ್ನು ಯಾವ ಪ್ಯಾಕೇಜ್ ವ್ಯವಸ್ಥೆಯೂ ಮುಟ್ಟುವುದಿಲ್ಲ. ಈಗಲೇ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ, ಒಂದನ್ನು ಮನೆಯಲ್ಲಿಡಿ.

ನಾನು ಬಾಳೆಹೊನ್ನೂರಿನವನು. ಆರು ವರ್ಷದಿಂದ ಬಿಡುವಿನಲ್ಲಿ ಡೆಬಿಯನ್ ಪ್ಯಾಕೇಜ್‌ಗಳ ಕೆಲಸಕ್ಕೆ ಕೈಜೋಡಿಸುತ್ತಿದ್ದೇನೆ. ಯಾರು ತೀರ್ಮಾನಿಸಿದರು ಎಂದು ನೀವು ಕೇಳಿದ್ದು ನ್ಯಾಯವಾಗಿದೆ. ಒಬ್ಬರೇ ಕುಳಿತು ತೀರ್ಮಾನಿಸಿದ್ದಲ್ಲ.

ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ 2ಕ್ಕೆ ಬೆಂಬಲ 2015ಕ್ಕೇ ಮುಗಿಯಬೇಕಿತ್ತು. ಜಗತ್ತು ಸಿದ್ಧವಿಲ್ಲವೆಂದು ಪೈಥಾನ್ ಮಾಡುವವರೇ ಅದನ್ನು 2020ರ ಜನವರಿ 1ರವರೆಗೆ ಎಳೆದರು. 2020ರ ಏಪ್ರಿಲ್‌ನಲ್ಲಿ ಬಂದ 2.7.18 ಕೊನೆಯ ಆವೃತ್ತಿ. ಅಲ್ಲಿಂದ ಮುಂದೆ ಅದರಲ್ಲಿ ಯಾವ ತೂತು ಸಿಕ್ಕರೂ ಮೂಲದಲ್ಲಿ ಮುಚ್ಚುವವರು ಇಲ್ಲ. ನಿಮ್ಮ ಪೈಜಿಟಿಕೆಯ ಕಥೆ ಇನ್ನೂ ಹಳೆಯದು. ಅದರ ಕೆಲಸ 2011ರಲ್ಲೇ ನಿಂತಿತ್ತು.

ಡೆಬಿಯನ್‌ನಲ್ಲಿ ಇದನ್ನು ತೆಗೆಯಲು ಹೊರಟಾಗ ಪೈಥಾನ್ 2 ಬಳಸುವ ಒಂದೊಂದು ಪ್ಯಾಕೇಜ್ ಮೇಲೂ ದೋಷ ವರದಿ ದಾಖಲಾಯಿತು. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಕಡಿಸಬೇಕಾದರೆ ಅಪ್ಪ ಮೊದಲು ತಲೆಯೆತ್ತಿ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುತ್ತಿದ್ದರು. ಬಳ್ಳಿ ಫಸಲಿನಲ್ಲಿದ್ದರೆ ಮರಕ್ಕೆ ಕೊಡಲಿ ಹಾಕಿಸುತ್ತಿರಲಿಲ್ಲ. ಇಲ್ಲಿಯೂ ಕ್ರಮ ಅದೇ. ಯಾರೂ ಆತುಕೊಂಡಿರದ ತುದಿಯ ಪ್ಯಾಕೇಜ್‌ಗಳು ಮೊದಲು, ಅವು ಆತುಕೊಂಡಿದ್ದವು ಆಮೇಲೆ, ಬುಡದ ಪೈಥಾನ್ ಎಲ್ಲಕ್ಕಿಂತ ಕೊನೆಗೆ. ತೆಗೆಯಿರಿ ಎಂಬ ಅರ್ಜಿಯೂ ಒಂದು ದೋಷ ವರದಿಯ ರೂಪದಲ್ಲೇ ಎಲ್ಲರ ಕಣ್ಣೆದುರು ಇರುತ್ತದೆ. ಪ್ಯಾಕೇಜಿನ ಉಸ್ತುವಾರಿಯೇ ಅದನ್ನು ಹಾಕಬಹುದು, ಗುಣಮಟ್ಟ ನೋಡುವ ತಂಡವೂ ಹಾಕಬಹುದು. ಭಂಡಾರ ನೋಡಿಕೊಳ್ಳುವ ತಂಡ ಅದರ ಮೇಲೆ ಬೇರೆ ಯಾವ ಪ್ಯಾಕೇಜ್ ನಿಂತಿದೆ ಎಂದು ಪರೀಕ್ಷಿಸಿ, ಇನ್ನೂ ಕಟ್ಟುತ್ತಿರುವ ಶಾಖೆಯಿಂದ ತೆಗೆಯುತ್ತದೆ. ಬಿಡುಗಡೆಯಾಗಿ ಜನರ ಕೈಯಲ್ಲಿರುವ ಆವೃತ್ತಿಯಿಂದ ಸಾಮಾನ್ಯವಾಗಿ ಕಿತ್ತುಕೊಳ್ಳುವುದಿಲ್ಲ. ಆದ್ದರಿಂದಲೇ 2019ರ ಡೆಬಿಯನ್ 10ರಲ್ಲಿ ನಿಮಗೆ ಎಲ್ಲವೂ ಇತ್ತು. 2021ರ 11ರಲ್ಲಿ ಪೈಥಾನ್ 2ರ ಬರಿಯ ಬುಡ ಉಳಿದಿತ್ತು, ಅದೂ ಬೇರೆ ಪ್ಯಾಕೇಜ್‌ಗಳನ್ನು ಕಟ್ಟುವುದಕ್ಕಾಗಿ. ಪೈಜಿಟಿಕೆ ಅಲ್ಲಿಯೇ ಹೋಗಿತ್ತು. 2023ರ ಜೂನ್‌ನಲ್ಲಿ ಬಂದ 12ರಲ್ಲಿ ಬುಡವೂ ಇಲ್ಲ.

ಇದು ನಿಮ್ಮೊಬ್ಬರ ಪ್ರೋಗ್ರಾಂ ಮೇಲೆ ಬಿದ್ದ ಕೊಡಲಿಯಲ್ಲ ಎಂದು ತಿಳಿಯಲು ಬಿಡುಗಡೆ ಪ್ರಕಟಣೆಗಳನ್ನು ನೋಡಿ. 11ರಲ್ಲಿ ಬಳಕೆ ಮೀರಿದವೆಂದು 9,519ಕ್ಕೂ ಹೆಚ್ಚು ಪ್ಯಾಕೇಜ್ ತೆಗೆದರು, 12ರಲ್ಲಿ 6,296ಕ್ಕೂ ಹೆಚ್ಚು, 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ 8,840ಕ್ಕೂ ಹೆಚ್ಚು. ಇಷ್ಟು ತೆಗೆದ ಮೇಲೂ 13ರಲ್ಲಿ 69,830 ಪ್ಯಾಕೇಜ್‌ಗಳಿವೆ. ಇವನ್ನೆಲ್ಲ ನೋಡಿಕೊಳ್ಳುವವರು ಬಹುಪಾಲು ಸಂಬಳವಿಲ್ಲದೆ ದುಡಿಯುವವರು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ನೋಡಿಕೊಳ್ಳುವವರಿಲ್ಲದ ಪ್ಯಾಕೇಜ್ ಆರು ವಾರ ಅನಾಥವಾಗಿದ್ದರೆ ನಿವೃತ್ತಿ ಮಾಡಿಬಿಡುತ್ತಾರೆ. ಅದಕ್ಕೆ ಹೋಲಿಸಿದರೆ ಡೆಬಿಯನ್ ನಿಧಾನ.

ಕಳೆದ ವರ್ಷ ನಾನು ನೋಡಿಕೊಳ್ಳುತ್ತಿದ್ದ ಒಂದು ಚಿಕ್ಕ ಪ್ಯಾಕೇಜನ್ನು ತೆಗೆಯಿರಿ ಎಂದು ನಾನೇ ಅರ್ಜಿ ಹಾಕಿದೆ. ಮೂಲ ಬರೆದವರು ಏಳು ವರ್ಷದಿಂದ ಪತ್ರಕ್ಕೆ ಉತ್ತರಿಸಿರಲಿಲ್ಲ, ನನಗೆ ಆ ಭಾಷೆ ಅಷ್ಟಾಗಿ ಬಾರದು. ಭದ್ರತೆಯ ಒಂದು ದೂರು ಬಂದಾಗ ಮೂರು ರಾತ್ರಿ ಕುಳಿತರೂ ಸರಿಪಡಿಸಲು ಆಗಲಿಲ್ಲ. ನನ್ನ ಹೆಸರು ಅದರ ಮೇಲಿರುವ ತನಕ ಯಾರೋ ಕಾಯುತ್ತಿದ್ದಾರೆ ಎಂದು ಜನ ನಂಬುತ್ತಾರೆ. ಕಾಯುತ್ತಿಲ್ಲ ಎಂದು ಒಪ್ಪಿಕೊಳ್ಳುವುದೇ ಸರಿಯೆನಿಸಿತು. ಮೂರು ತಿಂಗಳ ನಂತರ ಒಬ್ಬರು ಪತ್ರ ಬರೆದು ಅದು ಎಲ್ಲಿ ಹೋಯಿತೆಂದು ಕೇಳಿದರು. ನಿಮ್ಮ ಪ್ರಶ್ನೆ ಓದುವಾಗ ಆ ಪತ್ರವೇ ನೆನಪಾಯಿತು.

ಹೇಮಾವತಿ64

ಅಕ್ಕಾ, ಏಳು ವಾರದ ಚಿಂತೆಗೆ ಮಾತ್ರ ನನ್ನ ಉತ್ತರ. ಡೆಬಿಯನ್ ತನ್ನ ಹಳೆಯ ಬಿಡುಗಡೆಗಳನ್ನು ಎಸೆಯುವುದಿಲ್ಲ, ಆರ್ಕೈವ್ ತಾಣದಲ್ಲಿ ಇಟ್ಟಿರುತ್ತದೆ. ಡೀಬೂಟ್‌ಸ್ಟ್ರ್ಯಾಪ್ ಎಂಬ ಉಪಕರಣದಿಂದ ನಿಮ್ಮ 12ರ ಒಳಗೇ ಒಂದು ಫೋಲ್ಡರಿನಲ್ಲಿ ಪೂರ್ತಿ ಡೆಬಿಯನ್ 10 ಕಟ್ಟಬಹುದು. ಅದನ್ನು ಸಿಸ್ಟಮ್‌ಡಿ ಎನ್‌ಸ್ಪಾನ್ ಎಂಬ ಉಪಕರಣದಿಂದ ಕಂಟೇನರ್ ಆಗಿ, ಅಂದರೆ ಯಂತ್ರದೊಳಗೇ ಬೇರ್ಪಟ್ಟ ಒಂದು ಕೋಣೆಯಂತೆ, ಎಬ್ಬಿಸಿ, ಒಳಗೆ ಪೈಥಾನ್ 2, ಪೈಜಿಟಿಕೆ, ಕೇಬಲ್ಲಿನಿಂದ ಓದಲು ಪೈಸೀರಿಯಲ್ ಹಾಕಿ. ಹಾಕಿ ಮುಗಿದ ಮೇಲೆ ಅದಕ್ಕೆ ನೆಟ್‌ವರ್ಕ್ ಕೊಡಲೇಬೇಡಿ. ತೂಕ ತೆಗೆಯುವುದಕ್ಕೆ ಅಂತರ್ಜಾಲ ಬೇಕಿಲ್ಲವಲ್ಲ. ಬ್ಯಾಂಕಿನ ಕೆಲಸ ಹೊರಗಿನ 12ರಲ್ಲೇ ನಡೆಯಲಿ.

ತೂಕದ ಕೇಬಲ್ಲಿಗೆ ಮಾತ್ರ ಗಮನವಿರಲಿ. ಕಂಟೇನರಿಗೆ ಹೊರಗಿನ ಪೋರ್ಟ್ ತಾನಾಗಿ ಕಾಣುವುದಿಲ್ಲ. ಸಾಧನದ ಕಡತವನ್ನು ಒಳಕ್ಕೆ ಜೋಡಿಸಬೇಕು, ಬಳಸುವ ಅನುಮತಿಯನ್ನು ಬೇರೆಯಾಗಿ ಕೊಡಬೇಕು. ನಾನು ಮೊದಲ ಸಲ ಮಾಡಿದಾಗ ಅನುಮತಿ ಮರೆತು ಅರ್ಧ ದಿನ ಕೇಬಲ್ಲನ್ನೇ ಬದಲಾಯಿಸುತ್ತ ಕುಳಿತಿದ್ದೆ.

ಒಂದು ಎಚ್ಚರಿಕೆ. 12 ತನ್ನ ಪ್ಯಾಕೇಜ್‌ಗಳನ್ನು ತರಿಸಿಕೊಳ್ಳುವ ಮೂಲಗಳ ಪಟ್ಟಿಗೇ 10ರ ಸಾಲು ಸೇರಿಸಿ ಸಾಕು ಎಂದು ಅಂತರ್ಜಾಲದಲ್ಲಿ ಹೇಳುವವರು ಸಿಗುತ್ತಾರೆ. ದಯವಿಟ್ಟು ಮಾಡಬೇಡಿ. ಎರಡು ಬಿಡುಗಡೆ ಬೆರೆತರೆ ಮುಂದಿನ ಸಲ ಏರಿಸುವಾಗ ಇಡೀ ಯಂತ್ರ ಕೈಕೊಡುತ್ತದೆ. ಹಾಸನಕ್ಕೆ ಬರುವುದಿದ್ದರೆ ಹೇಳಿ, ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಡುತ್ತೇನೆ.

ಯಸಳೂರಿನವಳು

ಭದ್ರಾತೀರ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೃತಜ್ಞತೆ. ಹೇಮಾವತಿ ತಮ್ಮಾ, ಬುಧವಾರ ಹಾಸನಕ್ಕೆ ಬರುತ್ತಿದ್ದೇನೆ, ಯಂತ್ರವನ್ನೇ ಹೊತ್ತು ತರುತ್ತೇನೆ.

ಆದರೂ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಎಲ್ಲರ ಕಣ್ಣೆದುರು ಇತ್ತು ಎಂದಿರಿ. ನಮ್ಮ ಕಣ್ಣಿಗೆ ಅದು ಬೀಳಲು ದಾರಿ ಎಲ್ಲಿತ್ತು ಸರ್? ಡಿಪೊದಲ್ಲಿ ಅಂತರ್ಜಾಲ ಬಂದದ್ದೇ 2022ರಲ್ಲಿ. ಅದಕ್ಕೆ ಮೊದಲು ಈ ಯಂತ್ರಕ್ಕೆ ಹೊರಗಿನ ಗಾಳಿಯೇ ಇರಲಿಲ್ಲ. ತಾಲ್ಲೂಕಿನಲ್ಲಿ ರಸ್ತೆ ಅಗಲ ಮಾಡುವುದಿದ್ದರೂ ಪಂಚಾಯಿತಿಯ ಗೋಡೆಗೆ ಒಂದು ನೋಟಿಸ್ ಅಂಟಿಸುತ್ತಾರೆ. ಇಲ್ಲಿ ಪಟ್ಟಿ ಬಂದದ್ದು ಎಲ್ಲ ಮುಗಿದು ತೆಗೆಯುವ ಗಳಿಗೆಯಲ್ಲಿ, ಅದೂ ನೂರಾರು ಹೆಸರುಗಳ ನಡುವೆ. ಬಳಸುವವರು ಎಷ್ಟು ಜನ ಎಂದು ಯಾರಾದರೂ ಎಣಿಸುತ್ತಾರೆಯೇ? ಎಣಿಸಿದರೆ ನಾವು ಅದರಲ್ಲಿದ್ದೆವೇ?

ಭದ್ರಾತೀರ

ಇರಲಿಲ್ಲ ಮೇಡಂ. ನಿಮ್ಮ ಮಾತು ಒಪ್ಪುತ್ತೇನೆ.

ಎಣಿಕೆ ಇದೆ, ಅದರ ಹೆಸರು ಪಾಪ್‌ಕಾನ್. ಯಾವ ಪ್ಯಾಕೇಜ್ ಎಷ್ಟು ಯಂತ್ರಗಳಲ್ಲಿದೆ ಎಂಬ ಲೆಕ್ಕವನ್ನು ಅದು ವಾರಕ್ಕೊಮ್ಮೆ ಕಳಿಸುತ್ತದೆ. ಡೆಬಿಯನ್ ಹಾಕುವಾಗ ಭಾಗವಹಿಸುತ್ತೀರಾ ಎಂದು ಕೇಳುತ್ತದೆ, ಮೊದಲೇ ಗುರುತಾಗಿರುವ ಉತ್ತರ 'ಇಲ್ಲ'. ಜನರ ಖಾಸಗಿತನದ ದೃಷ್ಟಿಯಿಂದ ಅದು ಸರಿ. ಆದರೆ ಹೌದು ಎಂದವರ ಯಂತ್ರಗಳಷ್ಟೇ ಲೆಕ್ಕಕ್ಕೆ ಬರುತ್ತವೆ, ಅದರಲ್ಲೂ ಅಂತರ್ಜಾಲ ಇರುವವು ಮಾತ್ರ. ಶಾಲೆಯ ಲ್ಯಾಬ್, ನಿಮ್ಮ ಡಿಪೊ, ಅಂತರ್ಜಾಲ ಕಾಣದ ಇಂಥ ಎಷ್ಟೋ ಯಂತ್ರಗಳು ಆ ಅಂಕಿಯಲ್ಲಿ ಇಲ್ಲ. ಬಳಸುವವರು ಕಡಿಮೆ ಎಂದು ಒಂದು ಪ್ಯಾಕೇಜ್ ತೆಗೆಯುವ ಚರ್ಚೆಯಲ್ಲಿ ಆ ಅಂಕಿಯನ್ನು ಮುಂದಿಡುವಾಗ ನನಗೆ ಪ್ರತಿ ಸಲ ಅಳುಕಾಗುತ್ತದೆ, ಚರ್ಚೆಯಲ್ಲಿ ಅದನ್ನು ಹೇಳಿಯೂ ಇದ್ದೇನೆ.

ಪೈಥಾನ್ 2ರ ವಿಷಯದಲ್ಲಿ ನಿಮ್ಮನ್ನು ಎಣಿಸಿದ್ದರೂ ತೀರ್ಮಾನ ಬೇರೆಯಾಗುತ್ತಿರಲಿಲ್ಲ. ಮೂಲವೇ ನಿಂತುಹೋಗಿತ್ತು. ಆದರೆ ಅದು ನಿಮಗೆ 2019ರಲ್ಲೇ ತಿಳಿದಿದ್ದರೆ ನಿಮ್ಮ ಕೈಯಲ್ಲಿ ಏಳು ವಾರದ ಬದಲು ಆರು ವರ್ಷ ಇರುತ್ತಿತ್ತು. ನಾವು ಸೋತದ್ದು ಅಲ್ಲಿ. ಬಿಡುಗಡೆ ಟಿಪ್ಪಣಿಯಲ್ಲಿ ಬಳಕೆ ಮೀರಿದ ಪ್ಯಾಕೇಜ್‌ಗಳಿಗೆ ಒಂದು ಭಾಗವೇ ಇರುತ್ತದೆ, ಈ ಬಿಡುಗಡೆಯಲ್ಲಿ ಏನು ಹೋಯಿತು, ಮುಂದೆ ಏನು ಹೋಗಲಿದೆ ಎಂದು. ನಾನು ಅದನ್ನು ಹಾಸನ, ಚಿಕ್ಕಮಗಳೂರಿನ ನಮ್ಮ ಗೆಳೆಯರಿಗಾಗಿ ಕನ್ನಡದಲ್ಲಿ ಬರೆದು ಇಲ್ಲಿ ಹಾಕುತ್ತೇನೆ. ಮೊದಲೇ ಮಾಡಬೇಕಿದ್ದ ಕೆಲಸ.

ಇನ್ನೊಂದು ಮಾತು. ಹೆಸರು ಗೊತ್ತಿಲ್ಲದ ಪಟ್ಟಿ ಮತ್ತೆ ಬಂದರೆ ಹೌದು ಎನ್ನುವ ಮೊದಲು ಅದರ ಫೋಟೊ ತೆಗೆದು ಇಲ್ಲಿ ಹಾಕಿ. ಯಾರಾದರೂ ಓದಿ ಹೇಳುತ್ತಾರೆ.

ಬೇಲೂರು ಮೇಷ್ಟರು

ಕಂಟೇನರ್ ಈ ಹಂಗಾಮಿಗೆ ಸರಿ. ಮುಂದಿನ ಹಂಗಾಮಿನ ಹೊತ್ತಿಗೆ ಪ್ರೋಗ್ರಾಂ ಪೈಥಾನ್ 3ಕ್ಕೆ ಬರಲೇಬೇಕು ಮೇಡಂ. 1,400 ಸಾಲು ದೊಡ್ಡದಲ್ಲ, ನಾನು ಜೊತೆಗಿರುತ್ತೇನೆ. ಶಾಲೆಯ ಅಂಕಪಟ್ಟಿಯ ಪ್ರೋಗ್ರಾಂ ಒಂದನ್ನು ಹೀಗೆಯೇ ದಾಟಿಸಿದ ಅನುಭವವಿದೆ. ಅದರಿಂದ ಕಲಿತದ್ದನ್ನು ಹೇಳುತ್ತೇನೆ, ಏಕೆಂದರೆ ನಿಮ್ಮದು ಹಣದ ಲೆಕ್ಕ.

ಹಳೆಯ ಸಾಲುಗಳನ್ನು ತಾನಾಗಿ ಹೊಸದಕ್ಕೆ ತಿರುಗಿಸುವ 2ಟು3 ಎಂಬ ಉಪಕರಣವಿತ್ತು. ಪೈಥಾನ್ 3.13ರಲ್ಲಿ ಅದನ್ನೂ ತೆಗೆದಿದ್ದಾರೆ, ಡೆಬಿಯನ್ 13ರಲ್ಲಿರುವುದು ಅದೇ 3.13. ನೀವಿನ್ನೂ 12ರಲ್ಲಿದ್ದೀರಿ, ಅಲ್ಲಿ 3.11 ಇದೆ. ಈ ಕೆಲಸ ಮುಗಿಯುವ ತನಕ 13ಕ್ಕೆ ಹೋಗಬೇಡಿ.

2ಟು3 ಸರಿಪಡಿಸುವುದು ಬರವಣಿಗೆಯ ರೂಪವನ್ನು ಮಾತ್ರ. ತಪ್ಪು ತೋರಿಸಿ ನಿಂತುಬಿಡುವ ಜಾಗಗಳಿಗೆ ಹೆದರಬೇಕಿಲ್ಲ, ಅವು ಕಣ್ಣಿಗೆ ಬೀಳುತ್ತವೆ. ಸದ್ದಿಲ್ಲದೆ ಬೇರೆ ಉತ್ತರ ಕೊಡುವ ಜಾಗಗಳು ಅಪಾಯ. ಭಾಗಾಕಾರವನ್ನೇ ನೋಡಿ. ಲಾರಿಯಲ್ಲಿ 1,173 ಕೆಜಿ ಬಂತು, ಎಷ್ಟು ಚೀಲ ಎಂದು 50ರಿಂದ ಭಾಗಿಸಿದರೆ ಪೈಥಾನ್ 2 ಪೂರ್ಣಾಂಕ 23 ಎನ್ನುತ್ತದೆ, ಉಳಿದ 23 ಕೆಜಿಯನ್ನು ಬೇರೆ ಸಾಲು ಲೆಕ್ಕ ಹಾಕುತ್ತದೆ. ಪೈಥಾನ್ 3ರಲ್ಲಿ ಅದೇ ಸಾಲು 23.46 ಎನ್ನುತ್ತದೆ. ರಸೀದಿಯ ಮೇಲೆ 23.46 ಚೀಲ, ಅದರ ಜೊತೆಗೆ ಮತ್ತೆ 23 ಕೆಜಿ ಎಂದು ಬರುತ್ತದೆ. ಅಲ್ಲಿ ಒಂದರ ಬದಲು ಎರಡು ಓರೆಗೆರೆ ಹಾಕಬೇಕು. ಹೇಮಾವತಿಯವರು ಕಟ್ಟಿಕೊಡುವ ಕಂಟೇನರಿನಲ್ಲಿ ಪೈಥಾನ್ 2ನ್ನು ಅಡ್ಡಗೆರೆ ಮತ್ತು 3 (-3) ಎಂಬ ಆಯ್ಕೆಯೊಂದಿಗೆ ಓಡಿಸಿ. ಪೂರ್ಣಾಂಕದ ಭಾಗಾಕಾರ ನಡೆದ ಸಾಲುಗಳನ್ನು ಅದೇ ಎತ್ತಿ ತೋರಿಸುತ್ತದೆ.

ತೂಕದ ಕೇಬಲ್‌ನಿಂದ ಬರುವುದು ಪೈಥಾನ್ 3ಕ್ಕೆ ಅಕ್ಷರಗಳಲ್ಲ, ಬೈಟ್‌ಗಳು, ಅಂದರೆ ಬರಿಯ ಸಂಖ್ಯೆಗಳು. ಕೆಲವು ಯಂತ್ರಗಳು ತೂಕ ನಿಂತಾಗ ಸಾಲಿನ ಆರಂಭದಲ್ಲಿ ಎಸ್‌ಟಿ ಎಂದೂ, ಕುಣಿಯುತ್ತಿರುವಾಗ ಯುಎಸ್ ಎಂದೂ ಕಳಿಸುತ್ತವೆ. ಭಾವನವರ 'ಕಾಯು' ಎಂಬ ಟಿಪ್ಪಣಿಯ ಕೆಳಗೆ ಆ ಹೋಲಿಕೆಯೇ ಇರಬೇಕು. ಬೈಟ್‌ಗಳನ್ನು ಅಕ್ಷರಗಳೊಂದಿಗೆ ಹೋಲಿಸಿದರೆ ಉತ್ತರ ಯಾವಾಗಲೂ 'ಅಲ್ಲ' ಎಂದೇ ಬರುತ್ತದೆ, ತಪ್ಪಿನ ಸೂಚನೆ ಇರುವುದಿಲ್ಲ. ಮೂಟೆ ಮೇಲಿಟ್ಟು ಸಂಜೆಯವರೆಗೆ ಕಾದರೂ ಅಂಕಿ ಬೀಳುವುದಿಲ್ಲ. ಓದಿದ ಕೂಡಲೇ ಅಕ್ಷರಕ್ಕೆ ತಿರುಗಿಸಿಕೊಳ್ಳಬೇಕು.

ನಿಮ್ಮ ಪ್ರಶ್ನೆ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ಟಿಪ್ಪಣಿ, 'ಅರ್ಧ ರೂಪಾಯಿ ಬಂದರೆ ಬೆಳೆಗಾರನ ಕಡೆಗೆ.' ಪೈಥಾನ್ 2ರಲ್ಲಿ ರೌಂಡ್ ಎಂಬುದು ಸರಿಯಾಗಿ ಅರ್ಧ ಬಂದರೆ ಮೇಲಕ್ಕೆ ಏರಿಸುತ್ತದೆ. ಪೈಥಾನ್ 3ರಲ್ಲಿ ಹತ್ತಿರದ ಸಮಸಂಖ್ಯೆಗೆ ತಿರುಗಿಸುತ್ತದೆ. ಔಟ್‌ಟರ್ನ್ 27.5, ಒಂದು ಪಾಯಿಂಟಿಗೆ (ಔಟ್‌ಟರ್ನ್‌ನ ಒಂದು ಕೆಜಿಗೆ) 383 ರೂಪಾಯಿ ಎಂದಿಟ್ಟುಕೊಳ್ಳಿ. ಗುಣಿಸಿದರೆ ಚೀಲಕ್ಕೆ 10,532.50. ಹಳೆಯದು 10,533 ಕೊಡುತ್ತದೆ, ಹೊಸದು 10,532. ಬೆಳೆಗಾರನ ಒಂದು ರೂಪಾಯಿ ಹೋಯಿತು, ಎಲ್ಲಿಯೂ ಒಂದು ಎಚ್ಚರಿಕೆ ಬರುವುದಿಲ್ಲ. ಪೈಥಾನ್‌ನಲ್ಲೇ ದಶಮಾಂಶ ಲೆಕ್ಕಕ್ಕೆ ಇರುವ ಡೆಸಿಮಲ್ ಮಾಡ್ಯೂಲ್ ಬಳಸಿ ಅರ್ಧವನ್ನು ಮೇಲಕ್ಕೆ ಏರಿಸು ಎಂದು ಬಾಯಿಬಿಟ್ಟು ಹೇಳಬೇಕು. ಭಾವನವರು ಆ ಸಾಲು ಬರೆದಿಟ್ಟಿರದಿದ್ದರೆ ನಾನೂ ಇದನ್ನು ಗಮನಿಸುತ್ತಿರಲಿಲ್ಲ.

ಕಿಟಕಿ ಗುಂಡಿಗಳನ್ನು ಪೈಜಿಟಿಕೆಯ ಬದಲು ಜಿಟಿಕೆ 3ಕ್ಕೆ ಬರೆಯುವುದು ಬೇಸರದ ಕೆಲಸ, ಕಷ್ಟದ್ದಲ್ಲ. ಹಳೆಯ ರಸೀದಿಗಳ ದಾಖಲೆ ಇದೆಯೇ? ಇದ್ದರೆ ಎರಡೂ ಪ್ರೋಗ್ರಾಂಗಳಿಗೆ ಅದೇ ಅಂಕಿಗಳನ್ನು ಉಣಿಸಿ ಹೋಲಿಸೋಣ.

ಯಸಳೂರಿನವಳು

ತಡವಾಗಿ ಬರೆಯುತ್ತಿದ್ದೇನೆ, ಡಿಸೆಂಬರ್ ನಮಗೆ ಉಸಿರಾಡಲು ಬಿಡುವುದಿಲ್ಲ.

ಅಕ್ಟೋಬರ್ ಮೊದಲ ವಾರವೇ ಹೇಮಾವತಿ ತಮ್ಮ ಕಂಟೇನರ್ ಕಟ್ಟಿಕೊಟ್ಟರು. ಭಾವನವರ ಕಿಟಕಿ ಮತ್ತೆ ತೆರೆದಾಗ ಹಸಿರು ಗುಂಡಿಯ ಮೇಲಿನ 'ತೂಗು' ಎಂಬ ಅಕ್ಷರ ನೋಡಿ ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆ ವಾರ ಒಂದೇ ಒಂದು ರಸೀದಿಯನ್ನೂ ಕೈಯಲ್ಲಿ ಬರೆಯಬೇಕಾಗಲಿಲ್ಲ.

ಆಮೇಲೆ ಮೇಷ್ಟರು ಮೂರು ಭಾನುವಾರ ಬೇಲೂರಿನಿಂದ ಬಸ್ಸಿನಲ್ಲಿ ಬಂದರು. ಹಿಂದಿನ ಎರಡು ಹಂಗಾಮಿನ 2,316 ರಸೀದಿಗಳ ಅಂಕಿಗಳನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು ಸಾಲುಸಾಲಾಗಿ ಹೋಲಿಸಿದೆವು. ರೌಂಡ್ ಬದಲಾಯಿಸುವ ಮೊದಲು 41 ರಸೀದಿಗಳಲ್ಲಿ ಒಂದೊಂದು ರೂಪಾಯಿ ಕಡಿಮೆ ಬಂತು, ಎಲ್ಲವೂ ಬೆಳೆಗಾರರಿಗೆ ಕಡಿಮೆ. ಡೆಸಿಮಲ್‌ಗೆ ಬದಲಾಯಿಸಿದ ಮೇಲೆ ಒಂದರಲ್ಲೂ ವ್ಯತ್ಯಾಸವಿಲ್ಲ. ಆ 41ರಲ್ಲಿ ಒಬ್ಬರು ಎರಡು ಎಕರೆ ತೋಟದ ಅಜ್ಜಿ. ಪ್ರತಿ ರಸೀದಿಯನ್ನೂ ಮೊಮ್ಮಗನ ಕೈಯಲ್ಲಿ ಓದಿಸಿ, ಬೆರಳು ಮಡಿಸಿ ಲೆಕ್ಕ ಕೂಡಿಸಿ ನೋಡಿಯೇ ಸಹಿ ಹಾಕುವವರು. ಅವರ ಮುಂದೆ ಒಂದು ರೂಪಾಯಿ ತಪ್ಪಿನ ಕಾಗದ ಇಡುವ ಪರಿಸ್ಥಿತಿ ನನಗೆ ಬರಲಿಲ್ಲ.

ಭಾಗಾಕಾರದ ಸಾಲುಗಳು ಒಂಬತ್ತು ಸಿಕ್ಕವು. ತೂಕದ ಯಂತ್ರ ಮೇಷ್ಟರು ಹೇಳಿದಂತೆಯೇ ಎಸ್‌ಟಿ ಕಳಿಸುತ್ತಿತ್ತು. ಮೊದಲ ದಿನ ಹೊಸ ಪ್ರೋಗ್ರಾಂ ಮೂಟೆ ಇಟ್ಟರೂ ಸುಮ್ಮನೆ ಕಾಯುತ್ತ ನಿಂತಿತ್ತು, ಬೈಟ್‌ಗಳನ್ನು ಅಕ್ಷರ ಮಾಡಿದ ಮೇಲೆ ಅಂಕಿ ಬಿತ್ತು. ಟಿಪ್ಪಣಿಗಳನ್ನು ಒಂದನ್ನೂ ಬದಲಾಯಿಸಲಿಲ್ಲ. 'ಅರ್ಧ ರೂಪಾಯಿ ಬಂದರೆ ಬೆಳೆಗಾರನ ಕಡೆಗೆ' ಎಂಬುದರ ಕೆಳಗಿನ ಸಾಲು ಮಾತ್ರ ಹೊಸದು. ಈ ಡಿಸೆಂಬರ್ 4ರಿಂದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ) ಎಲ್ಲವೂ ಪೈಥಾನ್ 3ರಲ್ಲೇ ತೂಗುತ್ತಿದೆ. ಕಂಟೇನರನ್ನು ಮಾರ್ಚ್‌ವರೆಗೆ, ರೋಬಸ್ಟಾ ಚೆರ್ರಿಯೂ ಮುಗಿಯುವ ತನಕ, ಇಟ್ಟುಕೊಂಡು ಆಮೇಲೆ ಅಳಿಸುತ್ತೇನೆ.

ಭದ್ರಾತೀರ ಸರ್, ನಮ್ಮ ಯಂತ್ರದಲ್ಲಿ ಪಾಪ್‌ಕಾನ್‌ಗೆ ಹೌದು ಎಂದಿದ್ದೇನೆ. ನೀವು ಕನ್ನಡದಲ್ಲಿ ಹಾಕಿದ 13ರ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿದ್ದೇನೆ. ಅದನ್ನು ಓದುವಾಗಲೇ ಇನ್ನೊಂದು ತಿಳಿಯಿತು. 13ರಲ್ಲಿ ಹಳೆಯ 32 ಬಿಟ್ ಪಿಸಿಗಳಿಗೆ ಅನುಸ್ಥಾಪನೆಯೂ ಇಲ್ಲ, ಕರ್ನೆಲ್ಲೂ (ವ್ಯವಸ್ಥೆಯ ತಿರುಳು) ಇಲ್ಲ. ನಮ್ಮ ಹೆತ್ತೂರಿನ ಇನ್ನೊಂದು ಡಿಪೊದಲ್ಲಿರುವ ಹಳೆಯ ಯಂತ್ರ 32 ಬಿಟ್ ಇರಬೇಕೆಂದು ಅನುಮಾನ. ಶನಿವಾರ ಅಲ್ಲಿಗೆ ಹೋಗಿ ನೋಡಿ ಬರುತ್ತೇನೆ. ಹೇಗೆ ಪರೀಕ್ಷಿಸಬೇಕು ಎಂದು ಯಾರಾದರೂ ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಹೇಮಾವತಿ64

ಅಕ್ಕಾ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಎಂದು ಒತ್ತಿ. ಸಿಪಿಯು ಆಪ್-ಮೋಡ್ ಎಂಬ ಸಾಲಿನಲ್ಲಿ 64 ಬಿಟ್ ಎಂದೂ ಇದ್ದರೆ ಯಂತ್ರ ಸಮರ್ಥವಾಗಿಯೇ ಇದೆ, ಅದರ ಮೇಲೆ ಹಾಕಿರುವ ಡೆಬಿಯನ್ ಮಾತ್ರ 32 ಬಿಟ್‌ನದ್ದಾಗಿರಬಹುದು. 32 ಒಂದೇ ಇದ್ದರೆ ಆ ಯಂತ್ರ 12ರಲ್ಲೇ ನಿಲ್ಲಬೇಕು. ಪರದೆಯ ಫೋಟೊ ಕಳಿಸಿ.